ಅಮೆರಿಕ, ಯೂರೋಪಿನವರು ಬೆಂಗಳೂರಿಗೆ ನೆಲೆಸಲು ಬಂದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲಸಕ್ಕೋ ಮದುವೆಯಾಗಿಯೋ ಕರ್ನಾಟಕಕ್ಕೆ ಬಂದು ನೆಲೆಸುವ ವಿದೇಶಿಯರ ಕಾಗದಪತ್ರಗಳಲ್ಲಿ ಅರ್ಧದಷ್ಟು ಅವರ ಕೈಯಲ್ಲಿ ಇರುವುದೇ ಇಲ್ಲ. ಬಾಡಿಗೆ ಕರಾರು ಮನೆ ಮಾಲೀಕರ ಹತ್ತಿರ, ನೇಮಕದ ಒಪ್ಪಂದ ಕಂಪನಿಯ ಹತ್ತಿರ, ಸಂಗಾತಿಯ ಗುರುತಿನ ದಾಖಲೆ ಅತ್ತೆ-ಮಾವನ ಮನೆಯಲ್ಲಿ. ಅರ್ಜಿ ವಾಪಸ್ ಬರುವುದೂ ಹೆಚ್ಚಾಗಿ ಈ ಕಾಗದಗಳಿಂದಲೇ. ಆದ್ದರಿಂದ ಇಲ್ಲಿನ ಉತ್ತರಗಳು ಬರುವವರಿಗಿಂತ ಹೆಚ್ಚಾಗಿ ಅವರನ್ನು ಬರಮಾಡಿಕೊಳ್ಳುವವರಿಗೆ: ಮನೆ ಬಾಡಿಗೆಗೆ ಕೊಡುವವರು, ಸಣ್ಣ ಕಂಪನಿಯ ಎಚ್‌ಆರ್‌ನವರು, ವಿದೇಶಿ ಅಳಿಯ-ಸೊಸೆ ಇರುವ ಮನೆಯವರು. ಶುಲ್ಕಗಳು ಆಗಾಗ ಬದಲಾಗುತ್ತವೆ, ಅರ್ಜಿ ಹಾಕುವ ದಿನ ಸರ್ಕಾರಿ ಪೋರ್ಟಲ್‌ನಲ್ಲೇ ನೋಡಿಕೊಳ್ಳಿ.

ಮೊದಲು ಟೂರಿಸ್ಟ್ ವೀಸಾದಲ್ಲಿ ಬರಲಿ, ಆಮೇಲೆ ಇಲ್ಲೇ ಬದಲಾಯಿಸಿಕೊಂಡರಾಯಿತು ಅನ್ನುತ್ತಾರಲ್ಲ?

ಕೆಲಸಕ್ಕೆ ಬರುವವರ ವಿಷಯದಲ್ಲಿ ಇದು ನಡೆಯುವುದಿಲ್ಲ. ಟೂರಿಸ್ಟ್ ವೀಸಾವನ್ನು ಭಾರತದೊಳಗೆ ಇದ್ದುಕೊಂಡೇ ಎಂಪ್ಲಾಯ್‌ಮೆಂಟ್ ವೀಸಾ ಮಾಡಿಸಲು ಬರುವುದಿಲ್ಲ. ವಾಪಸ್ ಹೋಗಿ ತಮ್ಮ ದೇಶದ ಭಾರತೀಯ ರಾಯಭಾರ ಕಚೇರಿಯಿಂದಲೇ ಹೊಸ ವೀಸಾ ತರಬೇಕು. ಬಿಸಿನೆಸ್ ವೀಸಾದ ಕಥೆಯೂ ಇದೇ. ಅದು ಮೀಟಿಂಗ್, ವ್ಯಾಪಾರದ ಮಾತುಕತೆ, ಕಂಪನಿ ಸ್ಥಾಪನೆಗೆ ಇರುವುದು. ಅದರ ಮೇಲೆ ಬಂದು ಬೆಳಗ್ಗೆ ಒಂಬತ್ತಕ್ಕೆ ಕಚೇರಿಯಲ್ಲಿ ಕೂತು ಸಂಜೆ ಆರಕ್ಕೆ ಎದ್ದರೆ ಅದು ಕೆಲಸವೇ, ಸಂಬಳ ಎಲ್ಲಿಂದ ಬಂದರೂ ಅಷ್ಟೇ.

ಮುಖ್ಯವಾದ ವಿನಾಯಿತಿ ಒಂದಿದೆ. ಭಾರತೀಯರನ್ನು ಮದುವೆಯಾದ ವಿದೇಶಿಯರು ವೀಸಾ ಅವಧಿ ಇರುವಾಗಲೇ ವಿದೇಶಿಯರ ನೋಂದಣಿ ಕಚೇರಿಯ ಆನ್‌ಲೈನ್ ತಾಣವಾದ ಇ-ಎಫ್‌ಆರ್‌ಆರ್‌ಒ ಪೋರ್ಟಲ್ ಮೂಲಕ ಟೂರಿಸ್ಟ್ ವೀಸಾವನ್ನು ಎಂಟ್ರಿ ವೀಸಾಗೆ, ಅಂದರೆ ಜನ ಎಕ್ಸ್ ವೀಸಾ ಅನ್ನುವುದಕ್ಕೆ, ಬದಲಾಯಿಸಲು ಕೇಳಬಹುದು. ಅವಧಿ ಮುಗಿದ ಮೇಲೆ ಕೇಳಿದರೆ ಮೊದಲು ದಂಡ, ಆಮೇಲೆ ಮಾತು.

ಯಾರಿಗೆ ಯಾವ ವೀಸಾ?

ಸಂಬಳದ ಕೆಲಸಕ್ಕೆ ಎಂಪ್ಲಾಯ್‌ಮೆಂಟ್ ವೀಸಾ. ಅವರ ಗಂಡ, ಹೆಂಡತಿ, ಮಕ್ಕಳಿಗೆ ಅದೇ ಅವಧಿಯ ಎಂಟ್ರಿ ವೀಸಾ. ಭಾರತೀಯರ ಸಂಗಾತಿಗೂ ಎಂಟ್ರಿ ವೀಸಾ, ಆದರೆ ಅದರ ಉಪವರ್ಗ ಬೇರೆ. ಓದಲು ಬಂದರೆ ಸ್ಟೂಡೆಂಟ್ ವೀಸಾ. ಅಲ್ಪಾವಧಿಯ ಯೋಗ ತರಬೇತಿಗೆ ಮೈಸೂರಿನ ಗೋಕುಲಂ ಬಡಾವಣೆಗೆ ಬರುವವರಿಗೆ ಇ-ಟೂರಿಸ್ಟ್ ವೀಸಾ ಸಾಕು. ನಿವೃತ್ತರಿಗೆಂದು, ಲ್ಯಾಪ್‌ಟಾಪ್ ಹಿಡಿದು ಊರೂರು ಸುತ್ತುವ ಡಿಜಿಟಲ್ ನೋಮ್ಯಾಡ್‌ಗಳಿಗೆಂದು ಭಾರತದಲ್ಲಿ ಪ್ರತ್ಯೇಕ ವೀಸಾ ಇಲ್ಲ. ಪೋರ್ಚುಗಲ್, ಥಾಯ್ಲೆಂಡ್ ನೋಡಿ ಬಂದವರು ಇದನ್ನು ನಂಬುವುದೇ ಕಷ್ಟ.

ಅರ್ಜಿಯ ಅಧಿಕೃತ ತಾಣದ ವಿಳಾಸದ ಕೊನೆಗೆ 'ಗವ್ ಡಾಟ್ ಇನ್' ಇರುತ್ತದೆ. ಗೂಗಲ್‌ನಲ್ಲಿ ಹುಡುಕಿದಾಗ ಮೇಲೆ ಬರುವ, ನೋಡಲು ಸರ್ಕಾರಿ ತಾಣದಂತೆಯೇ ಇರುವ ಖಾಸಗಿ ತಾಣಗಳು ಅದೇ ವೀಸಾಗೆ ಎರಡು-ಮೂರು ಪಟ್ಟು ಹಣ ಕೀಳುತ್ತವೆ.

ಎಂಪ್ಲಾಯ್‌ಮೆಂಟ್ ವೀಸಾಗೆ ಕನಿಷ್ಠ ಸಂಬಳ ಎಷ್ಟು?

ವರ್ಷಕ್ಕೆ 16.25 ಲಕ್ಷ ರೂಪಾಯಿ ದಾಟಬೇಕು. ವಿದೇಶಿ ಅಡುಗೆಯ ಬಾಣಸಿಗರು, ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಕಲಿಸುವವರು, ಅನುವಾದಕರು, ರಾಯಭಾರ ಕಚೇರಿಯ ಸಿಬ್ಬಂದಿ ಮುಂತಾದವರಿಗೆ ಈ ಮಿತಿ ಇಲ್ಲ. ಹಾಗಾಗಿ ಇಂದಿರಾನಗರದ ರೆಸ್ಟೋರೆಂಟಿಗೆ ಇಟಲಿಯಿಂದ ಬಾಣಸಿಗರನ್ನು ಕರೆಸುವುದು ಸುಲಭ. ಅದೇ ರೆಸ್ಟೋರೆಂಟಿಗೆ ಇಟಲಿಯ ಮ್ಯಾನೇಜರ್ ಬೇಕೆಂದರೆ ಸಂಬಳದ ಲೆಕ್ಕ ಶುರುವಾಗುತ್ತದೆ.

ಸಂಬಳದ ಮೊತ್ತ ಒಂದೇ ಸಾಲದು. ಗುಮಾಸ್ತಿಕೆ, ದಿನನಿತ್ಯದ ಸಾಮಾನ್ಯ ಕೆಲಸ, ಅರ್ಹ ಭಾರತೀಯರು ಧಾರಾಳವಾಗಿ ಸಿಗುವ ಹುದ್ದೆ, ಇವಕ್ಕೆ ವೀಸಾ ಕೊಡುವುದಿಲ್ಲ. ಕಂಪನಿ ಬರೆಯುವ ಸಮರ್ಥನೆ ಪತ್ರದಲ್ಲಿ 'ಅಪಾರ ಅನುಭವವುಳ್ಳವರು' ಎಂದಷ್ಟೇ ಬರೆದರೆ ಏನೂ ಹೇಳಿದಂತಾಗುವುದಿಲ್ಲ. ಯಾವ ಯಂತ್ರ, ಯಾವ ತಂತ್ರಾಂಶ, ಯಾವ ಮಾರುಕಟ್ಟೆಯ ಪರಿಣತಿ ಈ ವ್ಯಕ್ತಿಗಿದೆ, ಅದು ಇಲ್ಲಿ ಏಕೆ ಸಿಗುತ್ತಿಲ್ಲ ಅನ್ನುವುದು ಎರಡು ಪ್ಯಾರಾದಲ್ಲಿ ಸ್ಪಷ್ಟವಾಗಿರಲಿ.

ಎಡವಟ್ಟಾಗುವುದು ಎರಡನೇ ವರ್ಷ, ವಿಸ್ತರಣೆಯ ಹೊತ್ತಿಗೆ. ಆಗ ಆದಾಯ ತೆರಿಗೆಯ ದಾಖಲೆ ನೋಡುತ್ತಾರೆ. ಒಪ್ಪಂದದಲ್ಲಿ 18 ಲಕ್ಷ ಇದ್ದು, ವರ್ಷದ ಮಧ್ಯೆ ಮೂರು ತಿಂಗಳು ಸಂಬಳವಿಲ್ಲದ ರಜೆ ಹಾಕಿ, ತೆರಿಗೆ ದಾಖಲೆಯಲ್ಲಿ ಹದಿಮೂರೂವರೆ ಲಕ್ಷ ಕಂಡರೆ ಪ್ರಶ್ನೆ ಬಂದೇ ಬರುತ್ತದೆ. ಮನೆ ಬಾಡಿಗೆಯನ್ನು ಕಂಪನಿಯೇ ಕಟ್ಟುತ್ತಿದ್ದರೆ ಅದನ್ನು ಸೌಲಭ್ಯವೆಂದು ಒಪ್ಪಂದದಲ್ಲೇ ನಮೂದಿಸಿ, ತೆರಿಗೆ ಲೆಕ್ಕದಲ್ಲೂ ತೋರಿಸಿ.

ಬಂದ ಮೇಲೆ ಕಂಪನಿ ಬದಲಾಯಿಸಬಹುದೇ?

ಅದೇ ಸಮೂಹದ ಮಾತೃ ಸಂಸ್ಥೆ ಅಥವಾ ಅಂಗಸಂಸ್ಥೆಗೆ ಹೋಗುವುದಾದರೆ ಅನುಮತಿ ಕೇಳಬಹುದು. ಬೇರೆ ಕಂಪನಿಯಾದರೆ ದೇಶ ಬಿಟ್ಟು, ಹೊಸ ವೀಸಾ ಮಾಡಿಸಿ ಬರಬೇಕು. ಮಾರತಹಳ್ಳಿಯ ಒಂದು ಕಚೇರಿಗೆ ರಾಜೀನಾಮೆ ಕೊಟ್ಟು ಮುಂದಿನ ಸೋಮವಾರ ಪಕ್ಕದ ಕಟ್ಟಡಕ್ಕೆ ಸೇರುವ ನಮ್ಮ ಐಟಿ ರೂಢಿ ಇಲ್ಲಿ ಕೆಲಸಕ್ಕೆ ಬಾರದು. ಎಂಪ್ಲಾಯ್‌ಮೆಂಟ್ ವೀಸಾವನ್ನು ಮೊದಲು ಕೊಟ್ಟ ದಿನದಿಂದ ಸಾಮಾನ್ಯವಾಗಿ ಒಟ್ಟು 5 ವರ್ಷದವರೆಗೆ ವಿಸ್ತರಿಸಬಹುದು.

ಅಲ್ಲಿನ ಪ್ರಮಾಣಪತ್ರಗಳನ್ನು ದೃಢೀಕರಿಸುವುದು ಹೇಗೆ?

ಮದುವೆ, ಜನನ, ಪದವಿ ಪ್ರಮಾಣಪತ್ರಗಳಿಗೆ ಅಪೊಸ್ಟಿಲ್ ಮುದ್ರೆ ಬೇಕು, ಅಂದರೆ ಒಂದು ದೇಶದ ದಾಖಲೆಯನ್ನು ಇನ್ನೊಂದು ದೇಶ ಒಪ್ಪುವಂತೆ ಅಂತರರಾಷ್ಟ್ರೀಯ ಒಪ್ಪಂದದಡಿ ಹಾಕುವ ದೃಢೀಕರಣ. ಭಾರತ 2005ರಿಂದ ಈ ಒಪ್ಪಂದದಲ್ಲಿದೆ, ಕೆನಡಾ ಸೇರಿದ್ದು 2024ರ ಜನವರಿಯಲ್ಲಿ. ಅಮೆರಿಕದ ದಾಖಲೆಗಳಲ್ಲಿ ಒಂದು ಸೂಕ್ಷ್ಮವಿದೆ. ಮದುವೆ ಪ್ರಮಾಣಪತ್ರ ಟೆಕ್ಸಾಸ್ ರಾಜ್ಯದ್ದಾದರೆ ಅಪೊಸ್ಟಿಲ್ ಕೂಡ ಟೆಕ್ಸಾಸ್ ರಾಜ್ಯದ್ದೇ ಆಗಬೇಕು, ಈಗ ವಾಸವಿರುವ ಕ್ಯಾಲಿಫೋರ್ನಿಯಾದ್ದು ನಡೆಯುವುದಿಲ್ಲ. ಎಫ್‌ಬಿಐ ಕೊಡುವ ಪೊಲೀಸ್ ವರದಿ ಕೇಂದ್ರ ಸರ್ಕಾರದ್ದು, ಅದಕ್ಕೆ ಮುದ್ರೆ ವಾಷಿಂಗ್ಟನ್‌ನ ವಿದೇಶಾಂಗ ಇಲಾಖೆಯಿಂದ.

ಜರ್ಮನಿ ಮತ್ತು ಭಾರತ ಎರಡೂ ಈ ಒಪ್ಪಂದದಲ್ಲಿ ಇದ್ದರೂ, ಭಾರತದ ಸೇರ್ಪಡೆಗೆ ಜರ್ಮನಿ ಆಕ್ಷೇಪ ಎತ್ತಿದ್ದರಿಂದ ಇವೆರಡರ ನಡುವೆ ಅಪೊಸ್ಟಿಲ್ ಚಾಲ್ತಿಯಲ್ಲಿಲ್ಲ. ಅಲ್ಲಿನ ದಾಖಲೆಗೆ ಜರ್ಮನಿಯ ಅಧಿಕಾರಿಗಳ ದೃಢೀಕರಣ, ಅದರ ಮೇಲೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ದೃಢೀಕರಣ ಬೇಕು. ಜರ್ಮನ್ ಅಥವಾ ಫ್ರೆಂಚ್ ಕಾಗದಕ್ಕೆ ಇಂಗ್ಲಿಷ್ ಅನುವಾದವನ್ನೂ ಅಲ್ಲೇ ಮಾಡಿಸಿಕೊಂಡು ಬಂದರೆ ಒಳ್ಳೆಯದು. ಇಲ್ಲಿಗೆ ಬಂದ ಮೇಲೆ ಇದನ್ನೆಲ್ಲ ಕೊರಿಯರ್‌ನಲ್ಲಿ ಹಿಂದಕ್ಕೆ ಕಳಿಸಿ ಮಾಡಿಸುವುದು ತಿಂಗಳುಗಟ್ಟಲೆ ಹಿಡಿಯುವ ತಲೆನೋವು.

ವಿಮಾನ ಹತ್ತುವ ಮೊದಲು ಅವರಿಗೆ ಏನೇನು ಹೇಳಬೇಕು?

ವೀಸಾ ಅವಧಿ ಎಣಿಕೆಯಾಗುವುದು ವೀಸಾ ಕೊಟ್ಟ ದಿನದಿಂದ, ಭಾರತಕ್ಕೆ ಬಂದ ದಿನದಿಂದಲ್ಲ. ಮಾರ್ಚ್‌ನಲ್ಲಿ ಸಿಕ್ಕ ಒಂದು ವರ್ಷದ ವೀಸಾ ಹಿಡಿದು ಜೂನ್‌ನಲ್ಲಿ ಬಂದರೆ ಒಂಬತ್ತು ತಿಂಗಳಷ್ಟೇ ಉಳಿದಿರುತ್ತದೆ. 2025ರ ಅಕ್ಟೋಬರ್ 1ರಿಂದ ವಿದೇಶಿಯರು ಇ-ಅರೈವಲ್ ಕಾರ್ಡನ್ನು ಬರುವ ಮುಂಚಿನ 72 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ತುಂಬಬಹುದು. ಅದಕ್ಕೆ ಶುಲ್ಕವಿಲ್ಲ.

ಸಾಮಾನಿನ ವಿಷಯದಲ್ಲಿ ಅತ್ಯಂತ ಅಪಾಯಕಾರಿ ವಸ್ತು ಸ್ಯಾಟಲೈಟ್ ಫೋನ್. ಚಾರಣಕ್ಕೆ ಹೋಗುವವರು ಬ್ಯಾಗಿಗೆ ಸಿಕ್ಕಿಸಿಕೊಳ್ಳುವ ಗಾರ್ಮಿನ್ ಇನ್‌ರೀಚ್‌ನಂಥ ಪುಟ್ಟ ಉಪಕರಣವೂ ಇದರಲ್ಲಿ ಸೇರುತ್ತದೆ. ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ತಂದರೆ ವಿಮಾನ ನಿಲ್ದಾಣದಲ್ಲೇ ಬಂಧನವಾಗಬಹುದು, ಹಲವರಿಗೆ ಆಗಿಯೂ ಇದೆ. ಇ-ಸಿಗರೇಟ್ 2019ರಿಂದ ನಿಷೇಧ. ಡ್ರೋನ್ ಆಮದು 2022ರಿಂದ ನಿಷೇಧ. ಔಷಧಿಗಳಲ್ಲಿ, ಗಮನದ ಕೊರತೆಗೆ ಅಮೆರಿಕದ ವೈದ್ಯರು ಧಾರಾಳವಾಗಿ ಬರೆಯುವ ಆಡರಾಲ್ ಇಲ್ಲಿನ ಔಷಧ ಅಂಗಡಿಯಲ್ಲಿ ಸಿಗುವುದಿಲ್ಲ. ಅದರಲ್ಲಿರುವ ಆಂಫೆಟಮೀನ್ ಮಾದಕವಸ್ತು ಕಾಯ್ದೆಯ ಪಟ್ಟಿಯಲ್ಲಿದೆ. ಅದನ್ನು ನಂಬಿಕೊಂಡವರು ಹೊರಡುವ ಮುನ್ನವೇ ವೈದ್ಯರ ಹತ್ತಿರ ಬದಲಿ ಔಷಧಿಯ ಬಗ್ಗೆ ಮಾತಾಡಿಕೊಳ್ಳಬೇಕು. ಇನ್ನು ಅಮೆರಿಕದ ಮಿಕ್ಸರ್, ಹೇರ್ ಡ್ರೈಯರ್ ತರುವುದು ವ್ಯರ್ಥ: ಅವು 120 ವೋಲ್ಟಿನವು, ನಮ್ಮ 230 ವೋಲ್ಟಿಗೆ ಚುಚ್ಚಿದ ಕೂಡಲೇ ಸುಟ್ಟುಹೋಗುತ್ತವೆ. '100–240' ಎಂದು ಬರೆದಿರುವ ಚಾರ್ಜರುಗಳಿಗೆ ತೊಂದರೆಯಿಲ್ಲ.

14 ದಿನದೊಳಗೆ ನೋಂದಣಿ ಅಂದರೆ ಏನು? ಎಲ್ಲಿ ಮಾಡಿಸಬೇಕು?

180 ದಿನಕ್ಕಿಂತ ಹೆಚ್ಚಿನ ಎಂಪ್ಲಾಯ್‌ಮೆಂಟ್, ಸ್ಟೂಡೆಂಟ್ ಮೊದಲಾದ ವೀಸಾದಲ್ಲಿ ಬಂದವರು ಭಾರತಕ್ಕೆ ಕಾಲಿಟ್ಟ 14 ದಿನದೊಳಗೆ ವಿದೇಶಿಯರ ನೋಂದಣಿ ಕಚೇರಿಯಲ್ಲಿ ಹೆಸರು ದಾಖಲಿಸಬೇಕು. ವೀಸಾ ಚೀಟಿಯ ಕೆಳಗಿನ ಷರಾ ಓದಿ. ಕೆಲವು ವೀಸಾಗಳ ಮೇಲೆ 'ಪ್ರತಿ ಸಲ 180 ದಿನ ಮೀರದಿದ್ದರೆ ನೋಂದಣಿ ಬೇಡ' ಎಂದಿರುತ್ತದೆ. ಅಂಥವರು ಸುಮ್ಮನೆ ಗಾಬರಿಯಾಗಬೇಕಿಲ್ಲ.

2018ರಿಂದ ಇದೆಲ್ಲ ಇ-ಎಫ್‌ಆರ್‌ಆರ್‌ಒ ಪೋರ್ಟಲ್‌ನಲ್ಲೇ ಆಗುತ್ತದೆ. ಬೆಂಗಳೂರಿನ ಕಚೇರಿ ಶಾಂತಿನಗರದ ಬಿಎಂಟಿಸಿ ಬಸ್ ನಿಲ್ದಾಣದ ಕಟ್ಟಡದಲ್ಲಿದೆ, ಕರೆದರೆ ಮಾತ್ರ ಹೋದರೆ ಸಾಕು. ಕೆಲಸದ ಕ್ರಮ ಹೀಗೆ: ಇ-ಮೇಲ್ ಮತ್ತು ಮೊಬೈಲ್ ಸಂಖ್ಯೆ ಕೊಟ್ಟು ಖಾತೆ ತೆರೆಯುವುದು, ಪಾಸ್‌ಪೋರ್ಟ್, ವೀಸಾ, ಆಗಮನದ ವಿವರ ತುಂಬುವುದು, ಫೋಟೋ ಹಾಗೂ ಪಿಡಿಎಫ್‌ಗಳನ್ನು ಏರಿಸುವುದು, ಶುಲ್ಕವಿದ್ದರೆ ಕಟ್ಟುವುದು. ಎಲ್ಲ ಸರಿ ಇದ್ದರೆ ಪ್ರಮಾಣಪತ್ರ ಇ-ಮೇಲ್‌ಗೇ ಬರುತ್ತದೆ. ಬೇಕಾಗುವ ಕಾಗದಗಳು ಪಾಸ್‌ಪೋರ್ಟಿನ ಫೋಟೋ ಪುಟ, ವೀಸಾ ಪುಟ, ಆಗಮನದ ಮುದ್ರೆ ಇರುವ ಪುಟ, ವಾಸದ ಪುರಾವೆ, ಕಂಪನಿಯ ಪತ್ರ ಮತ್ತು ಸಹಿಯಾದ ಒಪ್ಪಂದ. ಆಗಮನದ ಮುದ್ರೆಯ ಪುಟವನ್ನು ಮರೆಯುವವರು ಬಹಳ ಜನ.

ಹದಿನಾಲ್ಕನೇ ದಿನದವರೆಗೆ ಕಾಯಬೇಡಿ. ಮೊದಲ ವಾರದಲ್ಲೇ ಹಾಕಿದರೆ, ಆಕ್ಷೇಪ ಬಂದರೂ ತಿದ್ದಲು ದಿನಗಳಿರುತ್ತವೆ.

ಅರ್ಜಿ ವಾಪಸ್ ಬಂತು. ಸಾಮಾನ್ಯವಾಗಿ ಏನು ತಪ್ಪಿರುತ್ತದೆ?

ಮೊದಲನೆಯದು ಹೆಸರು. ಪಾಸ್‌ಪೋರ್ಟಿನಲ್ಲಿ 'ರಾಬರ್ಟ್ ಜೇಮ್ಸ್' ಎಂದಿದ್ದು ಒಪ್ಪಂದದಲ್ಲಿ 'ಬಾಬ್' ಎಂದಿರುತ್ತದೆ. ಅವರ ಊರಿನಲ್ಲಿ ಯಾರೂ ಕೇಳುವುದಿಲ್ಲ, ಇಲ್ಲಿ ಬಾಬ್ ಬೇರೆ, ರಾಬರ್ಟ್ ಬೇರೆ. ನಡುವಿನ ಹೆಸರನ್ನೂ ಸೇರಿಸಿ ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಒಪ್ಪಂದ, ಬಾಡಿಗೆ ಕರಾರು, ಪ್ಯಾನ್, ಬ್ಯಾಂಕ್ ಎಲ್ಲದರಲ್ಲೂ ಬರೆಯಿಸಿ. ಹೆಸರಿನ ಹಿಂದು-ಮುಂದು ಕೂಡ ಒಂದೇ ಥರ ಇರಲಿ.

ಎರಡನೆಯದು ವಿಳಾಸ. ಅರ್ಜಿಯಲ್ಲಿ 'ಎಚ್‌ಎಸ್‌ಆರ್ ಲೇಔಟ್ ಸೆಕ್ಟರ್ 2', ಕರಾರಿನಲ್ಲಿ 'ಅಗರ ಗ್ರಾಮ, ಬೇಗೂರು ಹೋಬಳಿ', ವಿದ್ಯುತ್ ಬಿಲ್ಲಿನಲ್ಲಿ ಮೂರನೆಯದೇ ಒಂದು. ಮೂರೂ ಒಂದೇ ಮನೆ ಎಂದು ನಮಗೆ ಗೊತ್ತು, ಪರಿಶೀಲಿಸುವ ಅಧಿಕಾರಿಗೆ ಗೊತ್ತಿರಬೇಕೆಂದಿಲ್ಲ. ಮೂರನೆಯದು, ಬಾಡಿಗೆ ಕರಾರು ಕಂಪನಿಯ ಹೆಸರಿನಲ್ಲಿದ್ದು ಅದರಲ್ಲಿ ವಾಸಿಸುವವರ ಹೆಸರೇ ಇಲ್ಲದಿರುವುದು. ಆಗ ಕಂಪನಿ ತನ್ನ ಲೆಟರ್‌ಹೆಡ್‌ನಲ್ಲಿ ಇಂಥವರು ಇಂಥ ಮನೆಯಲ್ಲಿ ಇದ್ದಾರೆ ಎಂದು ಬರೆದುಕೊಡಬೇಕು.

ನಾನು ಮನೆ ಮಾಲೀಕ. ವಿದೇಶಿಯರಿಗೆ ಬಾಡಿಗೆಗೆ ಕೊಟ್ಟರೆ ನನ್ನ ಜವಾಬ್ದಾರಿ ಏನು?

ಫಾರ್ಮ್ ಸಿ ಎಂದೇ ಎಲ್ಲರೂ ಕರೆಯುವ ಮಾಹಿತಿ ನಮೂನೆಯನ್ನು, ಅವರು ಮನೆಗೆ ಬಂದ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಸಲ್ಲಿಸಬೇಕು. ಇದು ಹೋಟೆಲಿನವರಿಗೆ ಮಾತ್ರ ಅಂದುಕೊಂಡವರೇ ಹೆಚ್ಚು. ಪೇಯಿಂಗ್ ಗೆಸ್ಟ್, ಹೋಮ್‌ಸ್ಟೇ, ಸ್ವಂತ ಮನೆಯ ಮೇಲಿನ ಮಹಡಿ ಎಲ್ಲಕ್ಕೂ ಅನ್ವಯಿಸುತ್ತದೆ. ಕೊಡಗು, ಚಿಕ್ಕಮಗಳೂರಿನ ಹೋಮ್‌ಸ್ಟೇಯವರಿಗೆ ಇದು ರೂಢಿಯಾಗಿದೆ, ಬೆಂಗಳೂರಿನ ಮನೆ ಮಾಲೀಕರು ಮಾತ್ರ ಬಾಡಿಗೆದಾರರ ನೋಂದಣಿ ಸಿಕ್ಕಿಕೊಂಡ ಮೇಲೆ ಎಚ್ಚರಗೊಳ್ಳುತ್ತಾರೆ.

ಮೊದಲ ಸಲ ನಿಮ್ಮ ಹೆಸರು, ಮನೆಯ ವಿಳಾಸ, ಗುರುತಿನ ದಾಖಲೆ ಕೊಟ್ಟು ಖಾತೆ ಮಾಡಿಕೊಳ್ಳಬೇಕು. ಆ ಮೇಲೆ ಪ್ರತಿ ಬಾಡಿಗೆದಾರರ ಪಾಸ್‌ಪೋರ್ಟ್ ಮತ್ತು ವೀಸಾ ಸಂಖ್ಯೆ, ಭಾರತಕ್ಕೆ ಬಂದ ದಿನ, ನಿಮ್ಮ ಮನೆಗೆ ಬಂದ ದಿನ, ಎಲ್ಲಿಂದ ಬಂದರು, ಫೋಟೋ. ಹತ್ತು ನಿಮಿಷದ ಕೆಲಸ. ಖಾತೆಯನ್ನು ಬಾಡಿಗೆದಾರರು ಬರುವ ಮೊದಲೇ ಮಾಡಿಟ್ಟುಕೊಳ್ಳಿ, ಇಲ್ಲದಿದ್ದರೆ ಆ 24 ಗಂಟೆ ಸಾಲುವುದಿಲ್ಲ. ಸಲ್ಲಿಸಿದ ಪ್ರತಿಯೊಂದನ್ನು ಬಾಡಿಗೆದಾರರಿಗೂ ಕೊಡಿ.

ಕರಾರು, ಅಡ್ವಾನ್ಸ್ ವಿಷಯದಲ್ಲಿ ಜಗಳವಾಗದ ಹಾಗೆ ಹೇಗೆ?

ನಾಲ್ಕು ವಿಷಯಗಳನ್ನು ಮೊದಲೇ ಬಾಯಿಬಿಟ್ಟು ಹೇಳಬೇಕು. ಅಡ್ವಾನ್ಸ್: ಬರ್ಲಿನ್ ಅಥವಾ ಬಾಸ್ಟನ್‌ನಿಂದ ಬಂದವರಿಗೆ ಒಂದೋ ಮೂರೋ ತಿಂಗಳ ಬಾಡಿಗೆ ಠೇವಣಿ ಗೊತ್ತು. ಬೆಂಗಳೂರಿನ ಹಳೆಯ ರೂಢಿಯ ಹತ್ತು ತಿಂಗಳು ಕೇಳಿದರೆ ಮೋಸ ಎಂದೇ ತಿಳಿಯುತ್ತಾರೆ. ಪೇಂಟಿಂಗ್: ಖಾಲಿ ಮಾಡುವಾಗ ಒಂದು ತಿಂಗಳ ಬಾಡಿಗೆ ಹಿಡಿಯುವುದಿದ್ದರೆ ಕರಾರಿನಲ್ಲೇ ಬರೆಯಿರಿ. 11 ತಿಂಗಳು: ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯಂತೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು, ಅದನ್ನು ತಪ್ಪಿಸಲು ಬಂದ ರೂಢಿ ಇದು. ಹನ್ನೆರಡನೇ ತಿಂಗಳು ಓಡಿಸುತ್ತೀರಿ ಎಂದು ಅವರು ಹೆದರದಂತೆ ವಿವರಿಸಿ. ಕೊನೆಯದು ನೀರು. ಬೇಸಿಗೆಯಲ್ಲಿ ಟ್ಯಾಂಕರ್ ಖರ್ಚು ಯಾರದು ಅನ್ನುವುದು ಬರವಣಿಗೆಯಲ್ಲಿ ಇಲ್ಲದಿದ್ದರೆ ಮಾರ್ಚ್ ತಿಂಗಳಲ್ಲಿ ಮನಸ್ತಾಪ ಖಚಿತ.

ಮಗಳು ಅಮೆರಿಕನ್ನರನ್ನು ಮದುವೆಯಾಗುತ್ತಿದ್ದಾಳೆ. ದೇವಸ್ಥಾನದ ಮದುವೆ ಸಾಕೇ?

ಶಾಸ್ತ್ರಕ್ಕೆ ಸಾಕು, ವೀಸಾಗೆ ಸಾಲದು. 1955ರ ಹಿಂದೂ ವಿವಾಹ ಕಾಯ್ದೆಯಡಿ ನೋಂದಣಿಯಾಗಬೇಕಾದರೆ ಇಬ್ಬರೂ ಹಿಂದೂಗಳಾಗಿರಬೇಕು. ಹಾಗಿಲ್ಲದವರಿಗೆ 1954ರ ವಿಶೇಷ ವಿವಾಹ ಕಾಯ್ದೆ. ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ವಾಸವಿದ್ದು ವಿವಾಹ ಅಧಿಕಾರಿಗೆ ನೋಟಿಸ್ ಕೊಡಬೇಕು, ಆಮೇಲೆ ಆಕ್ಷೇಪಕ್ಕೆ 30 ದಿನ, ನಂತರ ಮೂವರು ಸಾಕ್ಷಿಗಳ ಮುಂದೆ ಮದುವೆ. ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ಮತ್ತೆ ಮೊದಲಿಂದ. ಹಾಗಾಗಿ ಛತ್ರ ಹಿಡಿಯುವ ಮೊದಲು ನೋಟಿಸಿನ ದಿನ ಲೆಕ್ಕ ಹಾಕಿ. ಎರಡು ವಾರದ ರಜೆಯಲ್ಲಿ ಬಂದು ಮದುವೆ, ನೋಂದಣಿ ಎರಡನ್ನೂ ಮುಗಿಸಿ ಹೋಗುತ್ತೇವೆ ಅನ್ನುವುದು ಆಗದ ಮಾತು.

ವರನ ಕಡೆಯಿಂದ 'ಅವಿವಾಹಿತ' ಎಂಬ ಪತ್ರ ಕೇಳುತ್ತಾರೆ. ಬ್ರಿಟನ್, ಜರ್ಮನಿಯವರಿಗೆ ಅಂಥ ಪ್ರಮಾಣಪತ್ರ ಅವರ ಸರ್ಕಾರದಿಂದಲೇ ಸಿಗುತ್ತದೆ. ಅಮೆರಿಕದ ಸರ್ಕಾರ ಅಂಥದ್ದನ್ನು ಕೊಡುವುದಿಲ್ಲ. ಅಲ್ಲಿನವರು ಕಾನ್ಸುಲರ್ ಅಧಿಕಾರಿಯ ಮುಂದೆ ತಾವೇ ಪ್ರಮಾಣ ಮಾಡಿ ಸಹಿ ಹಾಕಿದ ಅಫಿಡವಿಟ್ ಕೊಡಬೇಕು. ಹಿಂದೆ ವಿಚ್ಛೇದನವಾಗಿದ್ದರೆ ನ್ಯಾಯಾಲಯದ ಅಂತಿಮ ಆದೇಶ ಅಪೊಸ್ಟಿಲ್ ಸಹಿತ ಬೇಕು.

ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಯಾವಾಗ ಸಿಗುತ್ತದೆ?

ಭಾರತೀಯರ ಅಥವಾ ಒಸಿಐ ಕಾರ್ಡ್ ಇರುವವರ ಸಂಗಾತಿಗೆ, ಮದುವೆ ನೋಂದಣಿಯಾಗಿ ಅರ್ಜಿಯ ಹಿಂದಿನ ಎರಡು ವರ್ಷ ಸತತವಾಗಿ ಮುಂದುವರಿದಿದ್ದರೆ. ಅರ್ಜಿದಾರರಾಗಲಿ, ಅವರ ತಂದೆ-ತಾಯಿ, ಅಜ್ಜ-ಅಜ್ಜಿಯಾಗಲಿ ಎಂದಾದರೂ ಪಾಕಿಸ್ತಾನ ಅಥವಾ ಬಾಂಗ್ಲಾದೇಶದ ಪ್ರಜೆಗಳಾಗಿದ್ದರೆ ಸಿಗುವುದಿಲ್ಲ. ಭಾರತದಲ್ಲಿದ್ದೇ ಅರ್ಜಿ ಹಾಕಿದರೆ ಶುಲ್ಕ 15,000 ರೂಪಾಯಿ, ವಿದೇಶದಲ್ಲಾದರೆ 275 ಡಾಲರ್. ಟೂರಿಸ್ಟ್ ವೀಸಾದಲ್ಲಿ ಬಂದವರು ಭಾರತದೊಳಗಿನಿಂದ ಅರ್ಜಿ ಹಾಕುವಂತಿಲ್ಲ.

ಕಾರ್ಡ್ ಬಂದ ಮೇಲೆ ನೋಂದಣಿಯ ಗೋಜಿಲ್ಲ, ವೀಸಾ ನವೀಕರಣವಿಲ್ಲ, ಕೆಲಸ ಮಾಡಬಹುದು. ಪತ್ರಿಕೋದ್ಯಮ, ಸಂಶೋಧನೆ, ಧರ್ಮಪ್ರಚಾರ, ಪರ್ವತಾರೋಹಣ ಮುಂತಾದವಕ್ಕೆ ವಿಶೇಷ ಅನುಮತಿ ಬೇಕು. ಮತದಾನವಿಲ್ಲ. ವಿಳಾಸ ಅಥವಾ ವೃತ್ತಿ ಬದಲಾದರೆ ನೋಂದಣಿ ಕಚೇರಿಗೆ ಇ-ಮೇಲ್ ಮಾಡಬೇಕು, ಇದನ್ನು ಮಾಡುವವರು ಕಡಿಮೆ. ಮನೆಯವರು ಕೇಳಲು ಹಿಂಜರಿಯುವ ವಿಷಯವನ್ನೂ ಹೇಳಿಬಿಡುವುದು ಮೇಲು: ಮದುವೆಯ ಆಧಾರದ ಮೇಲೆ ಪಡೆದ ಒಸಿಐ ವಿಚ್ಛೇದನವಾದರೆ ಹೋಗುತ್ತದೆ.

ಆ ಎರಡು ವರ್ಷ ಇಲ್ಲಿರುವುದಾದರೆ ಸಾಮಾನ್ಯವಾಗಿ ಎಂಟ್ರಿ ವೀಸಾದಲ್ಲೇ ಕಳೆಯಬೇಕು. ಎಂಟ್ರಿ ವೀಸಾ ಇದ್ದ ಮಾತ್ರಕ್ಕೆ ಉದ್ಯೋಗದ ಹಕ್ಕು ಬರುವುದಿಲ್ಲ. ಕೆಲಸಕ್ಕೆ ಸೇರುವ ಮೊದಲು ಇ-ಎಫ್‌ಆರ್‌ಆರ್‌ಒ ಮೂಲಕ ಅನುಮತಿ ಕೇಳಿ.

ಬ್ಯಾಂಕ್ ಖಾತೆ, ಪ್ಯಾನ್, ಆಧಾರ್ ಯಾವ ಕ್ರಮದಲ್ಲಿ?

ಒಂದಕ್ಕೊಂದು ಕೊಂಡಿಯಾಗಿರುವುದರಿಂದ ಕ್ರಮ ತಪ್ಪಿದರೆ ಎಲ್ಲವೂ ನಿಲ್ಲುತ್ತವೆ. ಮೊದಲು ಸಿಮ್, ಅದಿಲ್ಲದೆ ಒಟಿಪಿ ಇಲ್ಲ, ಒಟಿಪಿ ಇಲ್ಲದೆ ಈ ದೇಶದಲ್ಲಿ ಏನೂ ಇಲ್ಲ. ಆಮೇಲೆ ಬಾಡಿಗೆ ಕರಾರು, ನೋಂದಣಿ, ಪ್ಯಾನ್, ಬ್ಯಾಂಕ್ ಖಾತೆ. ಆಧಾರ್ ಕೊನೆಗೆ. ವಿದೇಶಿಯರು ಅರ್ಜಿಯ ಹಿಂದಿನ 12 ತಿಂಗಳಲ್ಲಿ 182 ದಿನ ಇಲ್ಲಿ ವಾಸವಿದ್ದರೆ ಮಾತ್ರ ಆಧಾರ್ ಸಿಗುತ್ತದೆ, ಅದೂ ವೀಸಾ ಇರುವಷ್ಟು ಕಾಲಕ್ಕೆ. ಒಸಿಐಯವರಿಗೆ 10 ವರ್ಷಕ್ಕೆ. 'ಆಧಾರ್ ತನ್ನಿ' ಎಂದು ಮೊದಲ ವಾರದಲ್ಲೇ ಪಟ್ಟು ಹಿಡಿಯುವ ಗ್ಯಾಸ್ ಏಜೆನ್ಸಿಗೆ, ಶಾಲೆಗೆ ಇದನ್ನೇ ವಿವರಿಸಿ ಹೇಳಬೇಕು.

ಉದ್ಯೋಗಕ್ಕೆ ಬಂದವರನ್ನು ವಿದೇಶಿ ವಿನಿಮಯ ಕಾನೂನು ನಿವಾಸಿಗಳೆಂದೇ ನೋಡುವುದರಿಂದ ಸಾಮಾನ್ಯ ಉಳಿತಾಯ ಖಾತೆ ತೆರೆಯಬಹುದು. ಪ್ರವಾಸಿಗಳಿಗೆ ಆರು ತಿಂಗಳ ಎನ್‌ಆರ್‌ಒ ಖಾತೆ, ಅಂದರೆ ಅನಿವಾಸಿಗಳ ರೂಪಾಯಿ ಖಾತೆ, ಅಷ್ಟೇ. ಎಲ್ಲ ಶಾಖೆಯವರಿಗೂ ಇದು ಗೊತ್ತಿರುವುದಿಲ್ಲ, ಕಂಪನಿಯ ಸಂಬಳದ ಖಾತೆಗಳಿರುವ ಶಾಖೆಗೇ ಹೋಗುವುದು ಜಾಣತನ. ತೆರಿಗೆ ಕಟ್ಟಿ ಉಳಿದ ಪೂರ್ತಿ ಸಂಬಳವನ್ನು ತಮ್ಮ ದೇಶಕ್ಕೆ ಕಳಿಸಲೂ ಅವರಿಗೆ ಅವಕಾಶವಿದೆ.

ಅವರ ದೇಶದ ಆದಾಯಕ್ಕೂ ಇಲ್ಲಿ ತೆರಿಗೆಯೇ?

ಮೊದಲ ಎರಡು-ಮೂರು ವರ್ಷ ಸಾಮಾನ್ಯವಾಗಿ ಇಲ್ಲ. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ವರ್ಷದಲ್ಲಿ 182 ದಿನ ಇಲ್ಲಿದ್ದರೆ ತೆರಿಗೆಯ ಲೆಕ್ಕದಲ್ಲಿ ನಿವಾಸಿ. ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ ಎಣಿಸಿ ನೋಡಿ, ಅಧಿಕ ವರ್ಷವಲ್ಲದಿದ್ದರೆ ಸರಿಯಾಗಿ 182. ಬರುವ ದಿನಾಂಕ ಕೈಯಲ್ಲಿದ್ದರೆ ಅಕ್ಟೋಬರ್ ಎರಡನೇ ವಾರ ಬಂದವರಿಗೆ ಆ ವರ್ಷ ಲೆಕ್ಕ ಹಗುರ. ನಿವಾಸಿಯಾದ ಮೇಲೂ, ಹಿಂದಿನ ಹತ್ತು ವರ್ಷದಲ್ಲಿ ಒಂಬತ್ತು ವರ್ಷ ಅನಿವಾಸಿಯಾಗಿದ್ದರೆ, ಅಥವಾ ಹಿಂದಿನ ಏಳು ವರ್ಷದಲ್ಲಿ ಇಲ್ಲಿದ್ದದ್ದು 729 ದಿನ ಮೀರದಿದ್ದರೆ, 'ಸಾಮಾನ್ಯ ನಿವಾಸಿಯಲ್ಲದ ನಿವಾಸಿ' ಎಂಬ ವರ್ಗ. ಅಲ್ಲಿನ ಬಡ್ಡಿ, ಬಾಡಿಗೆ, ಪಿಂಚಣಿಗೆ ಇಲ್ಲಿ ತೆರಿಗೆ ಬೀಳುವುದಿಲ್ಲ. ಇಲ್ಲಿ ಮಾಡಿದ ಕೆಲಸದ ಸಂಬಳ ಯಾವ ದೇಶದ ಬ್ಯಾಂಕಿಗೆ ಬಿದ್ದರೂ ಇಲ್ಲಿ ತೆರಿಗೆ ಇದೆ.

ಅಮೆರಿಕದವರ ಪಾಡು ಬೇರೆ. ಎಲ್ಲಿದ್ದರೂ ಅವರು ತಮ್ಮ ದೇಶಕ್ಕೆ ರಿಟರ್ನ್ ಸಲ್ಲಿಸಬೇಕು, ಹೊರದೇಶದ ಖಾತೆಗಳ ಒಟ್ಟು ಮೊತ್ತ ವರ್ಷದಲ್ಲಿ ಒಂದೇ ದಿನ 10,000 ಡಾಲರ್ ದಾಟಿದರೂ ವರದಿ ಮಾಡಬೇಕು. ಅವರ ತೆರಿಗೆ ಕಾನೂನು ಭಾರತದ ಮ್ಯೂಚುವಲ್ ಫಂಡ್‌ಗಳನ್ನು ಹಿಂಸೆ ಕೊಡುವಷ್ಟು ಕಠಿಣವಾಗಿ ನೋಡುತ್ತದೆ. ಪ್ರೀತಿಯಿಂದ ಅಳಿಯನ ಹೆಸರಿನಲ್ಲಿ ಎಸ್‌ಐಪಿ ಶುರು ಮಾಡುವ ಮಾವಂದಿರು ಇದನ್ನು ಗಮನಿಸಬೇಕು.

ಭವಿಷ್ಯ ನಿಧಿ ಕಡಿತ ಅವರಿಗೂ ಉಂಟೇ?

ಉಂಟು, ನಮಗಿಂತ ಕಠಿಣವಾಗಿ. 15,000 ರೂಪಾಯಿಯ ಸಂಬಳದ ಮಿತಿ ಅವರಿಗಿಲ್ಲ, ಪೂರ್ತಿ ಸಂಬಳದ ಮೇಲೆ ಕಡಿತ. ಜರ್ಮನಿ, ಫ್ರಾನ್ಸ್, ಬೆಲ್ಜಿಯಂ, ನೆದರ್ಲೆಂಡ್ಸ್, ಕೆನಡಾದಂಥ ದೇಶಗಳ ಜತೆ ಸಾಮಾಜಿಕ ಭದ್ರತಾ ಒಪ್ಪಂದವಿದೆ. ಅಲ್ಲಿನ ಕಂಪನಿ ಕಳಿಸಿದ ನೌಕರರು ತಮ್ಮ ದೇಶದಲ್ಲೇ ಕಟ್ಟುತ್ತಿರುವ ಬಗ್ಗೆ ಪ್ರಮಾಣಪತ್ರ ತಂದರೆ ಇಲ್ಲಿ ಕಟ್ಟಬೇಕಿಲ್ಲ. ಅಮೆರಿಕದ ಜತೆ ಒಪ್ಪಂದವಿಲ್ಲ, ಅಲ್ಲಿನವರ ಹಣ ಸಾಮಾನ್ಯವಾಗಿ 58 ವಯಸ್ಸಿನವರೆಗೆ ಇಲ್ಲೇ ಉಳಿಯುತ್ತದೆ. ವಿದೇಶಿ ನೌಕರರಿಗೆಂದೇ ಇರುವ ಈ ನಿಯಮವನ್ನು ಕರ್ನಾಟಕ ಹೈಕೋರ್ಟ್ 2024ರ ಏಪ್ರಿಲ್ 25ರಂದು ಅಸಾಂವಿಧಾನಿಕ ಎಂದು ಹೇಳಿತು. ದೆಹಲಿ ಹೈಕೋರ್ಟ್ 2025ರಲ್ಲಿ ಅದೇ ನಿಯಮವನ್ನು ಎತ್ತಿಹಿಡಿಯಿತು. ಹೀಗಿರುವಾಗ ಕಂಪನಿಗಳು ವಕೀಲರನ್ನು ಕೇಳದೆ ತಾವಾಗಿ ಕಡಿತ ನಿಲ್ಲಿಸುವುದು ಬೇಡ.

ಮನೆ, ತೋಟ ಕೊಳ್ಳಬಹುದೇ?

ದೀರ್ಘಾವಧಿಗೆ ವಾಸವಿದ್ದು ವಿದೇಶಿ ವಿನಿಮಯ ಕಾನೂನಿನ ನಿವಾಸಿಯಾದ ಪಾಶ್ಚಾತ್ಯರು ಮನೆ, ಫ್ಲಾಟ್ ಕೊಳ್ಳಬಹುದು. ಪ್ರವಾಸಿಗಳು ಕೊಳ್ಳುವಂತಿಲ್ಲ. ಸಕಲೇಶಪುರದ ಕಾಫಿ ತೋಟದ ಕನಸಿಗೆ ಒಸಿಐ ಕಾರ್ಡ್ ಇದ್ದರೂ ದಾರಿಯಿಲ್ಲ: ಕೃಷಿ ಭೂಮಿ, ಪ್ಲಾಂಟೇಶನ್, ಫಾರ್ಮ್‌ಹೌಸ್ ಮೂರನ್ನೂ ಅವರು ಕೊಳ್ಳುವಂತಿಲ್ಲ. ಕರ್ನಾಟಕ 2020ರಲ್ಲಿ ಭೂ ಸುಧಾರಣಾ ಕಾಯ್ದೆ ತಿದ್ದಿ ಕೃಷಿಕರಲ್ಲದವರಿಗೂ ಜಮೀನು ಕೊಳ್ಳಲು ಬಿಟ್ಟಿದ್ದು ನಿಜ. ಕೇಂದ್ರದ ಈ ನಿರ್ಬಂಧ ಅದರಿಂದ ಸಡಿಲವಾಗಿಲ್ಲ.

ವಾಹನ ಓಡಿಸಲು?

ತಮ್ಮ ದೇಶದ ಲೈಸೆನ್ಸ್ ಜತೆ ಅಂತರರಾಷ್ಟ್ರೀಯ ಪರವಾನಗಿ ತಂದರೆ ಒಂದು ವರ್ಷ. ಅದರಲ್ಲಿ ಮೋಟಾರ್‌ಸೈಕಲ್ ವರ್ಗಕ್ಕೆ ಪ್ರತ್ಯೇಕ ಮುದ್ರೆ ಇರಬೇಕು. ಕಾರಿಗೆ ಮಾತ್ರ ಇದ್ದು ಬಾಡಿಗೆ ಸ್ಕೂಟರ್ ಓಡಿಸಿ ಬಿದ್ದರೆ ವಿಮೆಯವರು ಕೈ ಎತ್ತುತ್ತಾರೆ.

ಬೈಲಕುಪ್ಪೆಗೆ ಹೋಗಿ ನಾಲ್ಕು ದಿನ ಇದ್ದು ಬರಬಹುದೇ?

ಬೆಳಗ್ಗೆ ಹೋಗಿ ಚಿನ್ನದ ದೇವಾಲಯ ನೋಡಿ ಸಂಜೆ ಬರಬಹುದು. ಅದು ಟಿಬೆಟನ್ ನಿರಾಶ್ರಿತರ ನೆಲೆಯಾದ್ದರಿಂದ ರಾತ್ರಿ ತಂಗಲು ವಿದೇಶಿಯರಿಗೆ ಕೇಂದ್ರ ಗೃಹ ಸಚಿವಾಲಯದ ಸಂರಕ್ಷಿತ ಪ್ರದೇಶ ಪರವಾನಗಿ ಬೇಕು. ಅಂಥದ್ದೇ ನೆಲೆಯಾದ ಮುಂಡಗೋಡಿಗೂ ಅಷ್ಟೇ. ಅದು ಕೈಸೇರಲು ವಾರಗಳು ಬೇಕು, ಹಿಂದಿನ ದಿನ ಯೋಚಿಸಿದರೆ ಆಗದು.

ವೀಸಾ ಮುಗಿದು ಎರಡು ದಿನ ಹೆಚ್ಚಾಗಿಹೋಗಿದೆ. ಸುಮ್ಮನೆ ವಿಮಾನ ಹತ್ತಬಹುದೇ?

ಹತ್ತಲು ಬಿಡುವುದಿಲ್ಲ. ಇ-ಎಫ್‌ಆರ್‌ಆರ್‌ಒದಲ್ಲಿ ದಂಡ ಕಟ್ಟಿ ನಿರ್ಗಮನ ಪರವಾನಗಿ ಪಡೆದೇ ಹೋಗಬೇಕು. 2025ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ವಲಸೆ ಮತ್ತು ವಿದೇಶಿಯರ ಕಾಯ್ದೆ, 1946ರ ವಿದೇಶಿಯರ ಕಾಯ್ದೆ ಸೇರಿ ಹಳೆಯ ನಾಲ್ಕು ಕಾಯ್ದೆಗಳ ಜಾಗಕ್ಕೆ ಬಂದಿದೆ. ಅವಧಿ ಮೀರಿ ಉಳಿದರೆ ಅದರಲ್ಲಿ ಮೂರು ವರ್ಷದವರೆಗೆ ಜೈಲು ಅಥವಾ ಮೂರು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಎರಡು ದಿನಕ್ಕೆ ಜೈಲೇನೂ ಆಗದು, ಆದರೆ ದಾಖಲೆ ಉಳಿಯುತ್ತದೆ, ಮುಂದಿನ ವೀಸಾ ಅರ್ಜಿಯಲ್ಲಿ ಎದ್ದು ಕಾಣುತ್ತದೆ. ವಿಸ್ತರಣೆಗೆ ಎರಡು ತಿಂಗಳು ಮೊದಲೇ ಅರ್ಜಿ ಹಾಕಿ.

ಇಲ್ಲೇ ಮಗು ಹುಟ್ಟಿದರೆ ಯಾವ ದೇಶದ ಪ್ರಜೆ?

ತಂದೆ-ತಾಯಿ ಇಬ್ಬರೂ ವಿದೇಶಿಯರಾದರೆ ಬೆಂಗಳೂರಿನಲ್ಲಿ ಹುಟ್ಟಿದ ಮಾತ್ರಕ್ಕೆ ಮಗು ಭಾರತೀಯವಲ್ಲ. ಜನನ ಪ್ರಮಾಣಪತ್ರ, ಅವರ ದೇಶದ ಪಾಸ್‌ಪೋರ್ಟ್, ನಂತರ ಇ-ಎಫ್‌ಆರ್‌ಆರ್‌ಒದಲ್ಲಿ ಮಗುವಿಗೂ ವೀಸಾ, ಈ ಕ್ರಮದಲ್ಲಿ ಹೋಗಬೇಕು. ವೀಸಾ ಇಲ್ಲದ ಕೂಸನ್ನು ಎತ್ತಿಕೊಂಡು ವಿಮಾನ ನಿಲ್ದಾಣಕ್ಕೆ ಹೋದರೆ ಅಲ್ಲಿಂದಲೇ ವಾಪಸ್.

ಒಬ್ಬರು ಭಾರತೀಯರಾಗಿದ್ದು ಇನ್ನೊಬ್ಬರು ಕಾನೂನುಬದ್ಧವಾಗಿ ಇಲ್ಲಿರುವ ವಿದೇಶಿಯಾಗಿದ್ದರೆ ಮಗು ಹುಟ್ಟಿನಿಂದಲೇ ಭಾರತೀಯ. ಭಾರತ ಎರಡು ಪೌರತ್ವ ಒಪ್ಪುವುದಿಲ್ಲವಾದ್ದರಿಂದ ಎರಡೂ ಪಾಸ್‌ಪೋರ್ಟ್ ಮಾಡಿಸಿಟ್ಟುಕೊಳ್ಳುವ ಉಪಾಯ ಬೇಡ. ವಿದೇಶಿ ಪಾಸ್‌ಪೋರ್ಟನ್ನೇ ಆರಿಸಿಕೊಂಡರೆ ಮಗುವಿಗೆ ಒಸಿಐ ಸಿಗುತ್ತದೆ. ಯಾವುದನ್ನೇ ಆರಿಸಿ, ಆಸ್ಪತ್ರೆಯವರು ಜನನದ ಫಾರ್ಮ್ ತುಂಬುವಾಗ ತಂದೆ-ತಾಯಿಯ ಪಾಸ್‌ಪೋರ್ಟುಗಳನ್ನು ಎದುರಿಗಿಟ್ಟು ಒಂದೊಂದು ಅಕ್ಷರ ತಾಳೆ ನೋಡಿ. ಜನನ ಪ್ರಮಾಣಪತ್ರದಲ್ಲಿ 'ಬಾಬ್' ಎಂದು ಅಚ್ಚಾದರೆ ತಿದ್ದುಪಡಿಗೆ ಅಲೆದಾಟ, ಅಲ್ಲಿಯವರೆಗೆ ಮಗುವಿನ ಪಾಸ್‌ಪೋರ್ಟೂ ನಿಂತಿರುತ್ತದೆ.